ಮೊಟ್ಟೆ ಹೊತ್ತ ಲಾಬ್‌ಸ್ಟರ್ ತಂದುಬಿಟ್ಟೆವು, ಮುಂದಿನ ಸಲ ಏನು ನೋಡಿ ತರಬೇಕು?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಯಜಮಾನರ ಊರು ಕುಂದಾಪುರದ ಹತ್ತಿರ, ಹಾಗಾಗಿ ಮನೆಯಲ್ಲಿ ವಾರಕ್ಕೆ ಮೂರು ದಿನ ಮೀನು ಇದ್ದೇ ಇರುತ್ತದೆ. ಲಾಬ್‌ಸ್ಟರ್ ಮಾತ್ರ ಯಾವತ್ತೂ ತಂದಿರಲಿಲ್ಲ. ಮದುವೆಯಾಗಿ 25 ವರ್ಷ ಆಯಿತು ಅಂತ ಕಳೆದ ತಿಂಗಳು ಮಾರ್ಕೆಟ್ಟಿನಿಂದ ಆರು ತಂದೆವು, ಒಟ್ಟು ಒಂದು ಕೆಜಿಗೆ ಸ್ವಲ್ಪ ಕಡಿಮೆ ಇತ್ತು. ತೊಳೆಯುವಾಗ ತಿರುಗಿಸಿ ನೋಡಿದರೆ ಎರಡರ ಬಾಲದ ಅಡಿಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆ, ಗೊಂಚಲು ಗೊಂಚಲು. ಅಂಗಡಿಯವರಿಗೆ ಫೋನ್ ಮಾಡಿದೆ. 'ಮೊಟ್ಟೆ ಇದ್ದರೆ ಫ್ರೆಶ್ ಅಂತ ಅರ್ಥ ಮೇಡಂ, ರುಚಿನೂ ಜಾಸ್ತಿ' ಅಂದರು. ಕಾಲೇಜಿಗೆ ಹೋಗುವ ಮಗಳು ಅವತ್ತು ಊಟವನ್ನೇ ಮಾಡಲಿಲ್ಲ. ಸರ್ಟಿಫಿಕೇಟ್ ಇರುವ ವಿದೇಶಿ ಲಾಬ್‌ಸ್ಟರ್ ತರಬೇಕು, ಇಲ್ಲವೇ ಸಾಕಿದ್ದನ್ನು ತರಬೇಕು, ಎರಡೂ ಆಗದಿದ್ದರೆ ಬಿಟ್ಟುಬಿಡಬೇಕು ಅನ್ನುವುದು ಅವಳ ಮಾತು. ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುತ್ತದೆ, ಮರಿ ಮಾಡುವುದೆಲ್ಲ ಆಗಲೇ ಮುಗಿದಿರುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅನ್ನುವುದು ಯಜಮಾನರ ಮಾತು. ಯಾರು ಸರಿ? ಮುಂದೆ ತರುವಾಗ ಏನು ನೋಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೊಟ್ಟೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ತೂಕ. ಆರು ಲಾಬ್‌ಸ್ಟರ್, ಒಂದು ಕೆಜಿಗೆ ಕಡಿಮೆ. ಅಂದರೆ ಹೆಚ್ಚುಕಡಿಮೆ 160 ಗ್ರಾಂ ಒಂದೊಂದು. ವರ್ಷಗಟ್ಟಲೆ ಬೋಟು ಬಂದು ನಿಲ್ಲುವ ಧಕ್ಕೆಗಳಲ್ಲಿ ತಕ್ಕಡಿ ಮತ್ತು ಅಳತೆಕೋಲು ಹಿಡಿದು ಕೂತವನು ನಾನು. ಆ ಲೆಕ್ಕ ಓದಿದ ಕೂಡಲೇ ನಿಮ್ಮ ಲಾಬ್‌ಸ್ಟರ್ ಯಾವ ಬುಟ್ಟಿಯಿಂದ ಬಂದಿರಬಹುದು ಅಂತ ಒಂದು ಅಂದಾಜು ಸಿಕ್ಕಿತು.

ಯಾಕೆಂದರೆ ಬೋಟಿನಿಂದ ಇಳಿದ ಲಾಬ್‌ಸ್ಟರ್ ಒಂದೇ ಬುಟ್ಟಿಗೆ ಬೀಳುವುದಿಲ್ಲ. ಏಜೆಂಟರ ಕಡೆಯ ಹುಡುಗ ಮುಳ್ಳು ಚುಚ್ಚಬಾರದು ಅಂತ ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದನ್ನೇ ತಕ್ಕಡಿಗೆ ಇಡುತ್ತಾನೆ, ಅದು ಬಾಲ ಬಡಿಯುತ್ತಾ ಮೀಸೆಯ ಬುಡದಿಂದ ಕರಕರ ಅಂತ ಸದ್ದು ಮಾಡುತ್ತಿರುತ್ತದೆ, ಅವನು ಮುಳ್ಳಿನ ಕಡೆ ನೋಡುವುದೇ ಇಲ್ಲ, ತಕ್ಕಡಿಯ ನಂಬರ್ ಮಾತ್ರ ನೋಡಿ ಆ ಕಡೆಗೋ ಈ ಕಡೆಗೋ ಎಸೆಯುತ್ತಾನೆ. ಆ ಕಡೆಯದು ಎಕ್ಸ್‌ಪೋರ್ಟ್. ಈ ಕಡೆಯದು ಲೋಕಲ್.

ಅವನು ನೋಡುವ ಆ ನಂಬರ್ ಬಂದದ್ದು 2003ರಲ್ಲಿ. ಆ ವರ್ಷ ಕೇಂದ್ರ ಸರ್ಕಾರ ಲಾಬ್‌ಸ್ಟರ್ ರಫ್ತಿಗೆ ಕನಿಷ್ಠ ತೂಕ ಗೊತ್ತು ಮಾಡಿತು. ನಮ್ಮ ಕಡಲಲ್ಲಿ ವ್ಯಾಪಾರಕ್ಕೆ ಸಿಗುವ ಮುಖ್ಯ ಜಾತಿಗಳು ನಾಲ್ಕು, ನಾಲ್ಕಕ್ಕೂ ಬೇರೆ ಬೇರೆ ತೂಕ. ಮೈಮೇಲೆ ಸಣ್ಣ ಬಿಳಿ ಚುಕ್ಕೆ ಇರುವ, ಬಾಲದ ಪ್ರತಿ ಪಟ್ಟಿಯಲ್ಲೂ ಅಲೆ ಅಲೆಯಾದ ಗೀರು ಇರುವ ಹೊಮಾರಸ್ ಜಾತಿಗೆ 200 ಗ್ರಾಂ. ಮುಂಬೈ, ಗುಜರಾತ್ ಕಡೆ ಜಾಸ್ತಿ ಸಿಗುವ, ಬಾಲದ ಪಟ್ಟಿಗಳ ತುದಿಯಲ್ಲಿ ತೆಳು ಬಿಳಿ ಗೆರೆ ಎಳೆದ ಹಾಗಿರುವ ಕೆಸರು ಲಾಬ್‌ಸ್ಟರ್‌ಗೆ 300. ಕಾಲಿಗೆಲ್ಲ ಬಳೆ ತೊಡಿಸಿದ ಹಾಗೆ ಪಟ್ಟೆ ಇರುವ, ತಮಿಳುನಾಡಿನ ಕಡೆಯ ದೊಡ್ಡ ಆರ್ನೇಟಸ್‌ಗೆ 500. ಇನ್ನೊಂದು ಚಪ್ಪಟೆ ಜಾತಿ, ಮರಳು ಲಾಬ್‌ಸ್ಟರ್. ಉದ್ದ ಮೀಸೆ ಇಲ್ಲ, ಕಣ್ಣು ತಲೆಯ ಎರಡು ಮೂಲೆಯಲ್ಲಿ. ಅದಕ್ಕೆ 150. ಒಂದು ಸಲವಾದರೂ ಮರಿ ಮಾಡಿ ಆಮೇಲೆ ಬಲೆಗೆ ಬೀಳಲಿ ಅನ್ನುವುದು ಈ ಲೆಕ್ಕದ ಹಿಂದಿನ ಯೋಚನೆ.

ನಿಮ್ಮದಕ್ಕೆ ಉದ್ದ ಮೀಸೆ ಇತ್ತಾ? ಇದ್ದರೆ 160 ಗ್ರಾಂ ಅನ್ನುವುದು ಯಾವ ಜಾತಿಗೂ ಸಾಲದು. ಚಪ್ಪಟೆ ಜಾತಿಯಾಗಿದ್ದರೆ ತೂಕದಲ್ಲಿ ಪಾಸ್.

ಇನ್ನು ಅಸಲಿ ತಮಾಷೆ. 2003ರ ಆ ಆದೇಶ ರಫ್ತಿಗೆ ಮಾತ್ರ. ಸಿಂಗಪುರದವನ ತಟ್ಟೆಗೆ 200 ಗ್ರಾಂ ಆಗದ ಲಾಬ್‌ಸ್ಟರ್ ಹೋಗಬಾರದು, ಬೆಂಗಳೂರಿನವರ ತಟ್ಟೆಗೆ ಬರಬಹುದು. ಆಗುವುದೂ ಅದೇ. ತಕ್ಕಡಿಯಲ್ಲಿ ಫೇಲ್ ಆದದ್ದು ವಾಪಸ್ ಕಡಲಿಗೆ ಹೋಗುವುದಿಲ್ಲ, ಐಸ್ ಹಾಕಿಸಿಕೊಂಡು ಘಟ್ಟ ಹತ್ತುತ್ತದೆ. ನಮ್ಮ ಹೋಟೆಲಿನಲ್ಲಿ, ಮಾರ್ಕೆಟ್ಟಿನಲ್ಲಿ 'ಬೇಬಿ ಲಾಬ್‌ಸ್ಟರ್' ಅಂತ ಮುದ್ದಾಗಿ ಬರೆದು ಮಾರುತ್ತಾರಲ್ಲ, ಆ ಹೆಸರಿನ ಜಾತಿ ಯಾವುದೂ ಇಲ್ಲ. ಅದು ಬೆಳೆಯಲು ಬಿಡದ ಲಾಬ್‌ಸ್ಟರ್, ಅಷ್ಟೇ.

ಈಗ ಮೊಟ್ಟೆ. ಅಂಗಡಿಯವರು ಹೇಳಿದ ಎರಡೂ ಮಾತು ತಪ್ಪು. ಮೊಟ್ಟೆಗೂ ತಾಜಾತನಕ್ಕೂ ಸಂಬಂಧವಿಲ್ಲ, ಮೂರು ದಿನ ಐಸಿನಲ್ಲಿದ್ದ ಲಾಬ್‌ಸ್ಟರ್‌ನಲ್ಲೂ ಮೊಟ್ಟೆ ಹಾಗೇ ಅಂಟಿಕೊಂಡಿರುತ್ತದೆ. ರುಚಿಯ ವಿಷಯದಲ್ಲಿ ಅವರು ಬಹುಶಃ ಎರಡನ್ನು ಒಂದು ಮಾಡಿಕೊಂಡಿದ್ದಾರೆ. ಏಡಿ ಒಡೆದಾಗ ಚಿಪ್ಪಿನ ಒಳಗೆ ಕೆಂಪಗೆ ಗಟ್ಟಿಯಾಗಿ ಸಿಗುತ್ತದಲ್ಲ, ನಿಮ್ಮ ಯಜಮಾನರ ಊರಿನಲ್ಲಿ ಅದಕ್ಕೆ ಮಕ್ಕಳು ಜಗಳ ಆಡುತ್ತಾರೆ, ಅದು ಹೊಟ್ಟೆಯೊಳಗಿನ ತತ್ತಿ. ಬಾಲದ ಅಡಿಯಲ್ಲಿ ಅಂಟಿಕೊಂಡದ್ದು ಹೊರಗೆ ಬಂದು, ಬೆಳೆಯಲು ಶುರುವಾದ ಮೊಟ್ಟೆ. ಹೊಸದರಲ್ಲಿ ಕಿತ್ತಳೆ ಬಣ್ಣ ಇರುತ್ತದೆ. ದಿನ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಕಂದಾಗಿದ್ದರೆ ಮರಿಗಳು ಈಜಿ ಹೋಗಲು ಕೆಲವೇ ದಿನ ಬಾಕಿ ಇತ್ತು ಅಂತ. ಬಾಯಿಗೆ ಹಾಕಿದರೆ ಮರಳು ಅಗಿದ ಹಾಗೆ, ನನಗಂತೂ ಅದರಲ್ಲಿ ಯಾವ ರುಚಿಯೂ ಸಿಕ್ಕಿಲ್ಲ.

ಮೀಸೆಯ ಜಾತಿಯಲ್ಲಿ ಒಂದು ಹೆಣ್ಣು ಹೊತ್ತಿರುವ ಮೊಟ್ಟೆ ಲಕ್ಷದ ಲೆಕ್ಕದಲ್ಲಿರುತ್ತದೆ. ಕೇಳಿದವರೆಲ್ಲ 'ಅಷ್ಟೊಂದಿದ್ದರೆ ಎರಡು ಹೋದರೆ ಏನಾಯ್ತು' ಅನ್ನುತ್ತಾರೆ. ಆದರೆ ಆ ಮರಿ ಹುಟ್ಟಿದಾಗ ಲಾಬ್‌ಸ್ಟರ್ ಥರ ಇರುವುದೇ ಇಲ್ಲ, ಗಾಜಿನ ಎಲೆಗೆ ಕಾಲು ಅಂಟಿಸಿದ ಹಾಗೆ ಇರುತ್ತದೆ, ತಿಂಗಳುಗಟ್ಟಲೆ ನೀರು ಕರೆದುಕೊಂಡು ಹೋದ ಕಡೆ ತೇಲುತ್ತಾ ಸಿಕ್ಕ ಸಿಕ್ಕ ಮೀನಿನ ಬಾಯಿ ತಪ್ಪಿಸಿಕೊಂಡು, ರೂಪ ಬದಲಿಸಿ ಬದಲಿಸಿ ಕೊನೆಗೆ ದಡದ ಕಲ್ಲಿಗೆ ಬಂದು ಕೂರಬೇಕು. ಬಂದು ಮುಟ್ಟುವುದು ಬೆರಳೆಣಿಕೆ. ಲಕ್ಷ ಇರುವುದು ಅದಕ್ಕೇ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಮುಂಬೈ ಇದೆ. ಅಲ್ಲಿ 1970ರ ದಶಕದ ಕೊನೆಯಲ್ಲಿ ಸಿಗಡಿ ಹಿಡಿಯುವ ಟ್ರಾಲ್ ಬೋಟುಗಳಿಗೆ ಆ ಚಪ್ಪಟೆ ಮರಳು ಲಾಬ್‌ಸ್ಟರ್ ಚೆನ್ನಾಗಿ ಸಿಗಲು ಶುರುವಾಯಿತು. ಮೊಟ್ಟೆ ಹೊತ್ತ ಹೆಣ್ಣನ್ನೂ ಬಿಡದೆ ತಂದರು. 1994ರ ಹೊತ್ತಿಗೆ ವ್ಯಾಪಾರಕ್ಕೆ ಸಿಗುವಷ್ಟು ಒಂದೂ ಉಳಿಯಲಿಲ್ಲ. ಈ ಕಥೆಯಲ್ಲಿ ಜನ ಗಮನಿಸದ ಒಂದು ವಿಷಯ ಇದೆ. ಲಾಬ್‌ಸ್ಟರ್‌ಗೆಂದೇ ಹೋಗುವ ದೋಣಿಯಾದರೆ ಸಿಗುವುದು ಕಡಿಮೆಯಾದಾಗ ಡೀಸೆಲ್ ಖರ್ಚೂ ಹುಟ್ಟದೆ ತಾನೇ ನಿಲ್ಲುತ್ತಿತ್ತು. ಟ್ರಾಲ್ ಬೋಟು ಹೋಗುವುದು ಸಿಗಡಿಗೆ. ಸಿಗಡಿ ಸಿಗುವವರೆಗೆ ಬಲೆ ಎಳೆಯುವುದು ನಿಲ್ಲುವುದಿಲ್ಲ, ಕೊನೆಯ ನಾಲ್ಕು ಲಾಬ್‌ಸ್ಟರ್‌ಗಳೂ ಅದರ ಜೊತೆಗೇ ಬರುತ್ತವೆ. ಇಡೀ ದೇಶದ ಲೆಕ್ಕ ನೋಡಿದರೂ 1985ರಲ್ಲಿ 4,000 ಟನ್ ಆಸುಪಾಸು ಸಿಗುತ್ತಿದ್ದ ಲಾಬ್‌ಸ್ಟರ್ ಆಮೇಲಿನ ವರ್ಷಗಳಲ್ಲಿ ಅರ್ಧಕ್ಕೆ, ಅದಕ್ಕಿಂತ ಕೆಳಗೆ ಇಳಿದಿದೆ.

ಇಲ್ಲಿಗೆ ನಿಮ್ಮ ಯಜಮಾನರ ಮಾತಿಗೆ ಬರೋಣ. ಕರಾವಳಿಯವರಲ್ವಾ, ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಯುವ ಹಾಗಿಲ್ಲ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಎಷ್ಟೋ ಮೀನಿಗೆ ಇದರಿಂದ ಉಸಿರು ಬರುತ್ತದೆ. ಆದರೆ ನಮ್ಮಂಥ ಬಿಸಿ ನೀರಿನ ಲಾಬ್‌ಸ್ಟರ್‌ಗೆ ಇಂಥದ್ದೇ ತಿಂಗಳು ಅಂತ ಇಲ್ಲ. ಕೆಲವು ತಿಂಗಳು ಜಾಸ್ತಿ, ಕೆಲವು ತಿಂಗಳು ಕಡಿಮೆ, ಒಟ್ಟಿನಲ್ಲಿ ವರ್ಷವಿಡೀ ಮೊಟ್ಟೆ ಹೊತ್ತ ಹೆಣ್ಣು ಸಿಗುತ್ತಲೇ ಇರುತ್ತದೆ. ನಿಮಗೆ ಸಿಕ್ಕಿದ್ದೇ ಸಾಕ್ಷಿ. ನಿಷೇಧದ ತಿಂಗಳುಗಳಲ್ಲಿ ಕೊಳ್ಳಬೇಡಿ ಅನ್ನುವುದು ಸರಿ. ಉಳಿದ ಹತ್ತು ತಿಂಗಳು ಕಣ್ಣು ಮುಚ್ಚಿ ಕೊಳ್ಳಬಹುದು ಅನ್ನುವುದು ಸರಿಯಲ್ಲ.

ಮಗಳ ಮಾತು. ಸಾಕಿದ ಲಾಬ್‌ಸ್ಟರ್ ತರೋಣ ಅನ್ನುವುದು ಕೇಳಲು ಚೆನ್ನಾಗಿದೆ. ವೆನಾಮಿ ಸಿಗಡಿಯ ಹಾಗೆ ಹ್ಯಾಚರಿಯಲ್ಲಿ ಮರಿ ಮಾಡಿಸಿ ಕೆರೆಯಲ್ಲಿ ಬೆಳೆಸುತ್ತಾರೆ ಅಂತ ಅವಳು ಅಂದುಕೊಂಡಿರಬೇಕು. ಆ ಗಾಜಿನ ಎಲೆಯಂಥ ಮರಿಯನ್ನು ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಬದುಕಿಸುವುದು ಎಷ್ಟು ಕಷ್ಟ ಅಂದರೆ, ಮಾರುಕಟ್ಟೆ ತುಂಬುವಷ್ಟು ಹಾಗೆ ಬೆಳೆಸಲು ಇನ್ನೂ ಆಗಿಲ್ಲ. ವಿಯೆಟ್ನಾಂನಲ್ಲಿ ಪಂಜರದಲ್ಲಿ ಸಾಕುತ್ತಾರೆ, ದೊಡ್ಡ ಉದ್ಯಮವೇ ಅದು, ಆದರೆ ಪಂಜರಕ್ಕೆ ಹಾಕುವ ಮರಿ ಕಡಲಿನಿಂದಲೇ ಹಿಡಿದದ್ದು. ಆ ಮರಿಗೆ ಎಷ್ಟು ದುಡ್ಡು ಅಂದರೆ, ಇಂಡೊನೇಷ್ಯಾದಲ್ಲಿ ಮರಿ ರಫ್ತಿನ ಪರವಾನಗಿಗೆ ಲಂಚ ತಗೊಂಡ ಕೇಸಿನಲ್ಲಿ ಮೀನುಗಾರಿಕೆ ಮಂತ್ರಿ ಎಧಿ ಪ್ರಬೋವೊ ಅವರೇ 2020ರ ನವೆಂಬರಿನಲ್ಲಿ ಅರೆಸ್ಟ್ ಆದರು, ಮುಂದಿನ ವರ್ಷ ಶಿಕ್ಷೆಯೂ ಆಯಿತು. ಹಾಗಾಗಿ ಲಾಬ್‌ಸ್ಟರ್ ಮೇಲೆ 'ಸಾಕಿದ್ದು' ಅಂತ ಬರೆದಿದ್ದರೆ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಬೇಡಿ, ಮರಿ ಎಲ್ಲಿಂದ ತಂದರು ಅಂತ ಕೇಳಿ.

ಸರ್ಟಿಫಿಕೇಟಿನ ವಿಷಯ ಸ್ವಲ್ಪ ಬೇರೆ. ಅವಳು ಹೇಳಿದ್ದು ಎಂಎಸ್‌ಸಿಯ ನೀಲಿ ಗುರುತು ಇರಬೇಕು, ಕಡಲು ಬರಿದಾಗದ ಹಾಗೆ ಹಿಡಿಯುವ ಮೀನುಗಾರಿಕೆಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಅನ್ನುವ ಸಂಸ್ಥೆ ಕೊಡುವಂಥದ್ದು. ಅದು ಬುರುಡೆಯಲ್ಲ. ಜಗತ್ತಿನಲ್ಲಿ ಆ ಗುರುತು ಮೊದಲು ಸಿಕ್ಕಿದ್ದೇ ಲಾಬ್‌ಸ್ಟರ್‌ಗೆ, 2000ನೇ ಇಸವಿಯಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ರಾಕ್ ಲಾಬ್‌ಸ್ಟರ್ ಮೀನುಗಾರಿಕೆಗೆ. ನಮ್ಮ ದೇಶಕ್ಕೆ ಮೊದಲು ಬಂದದ್ದು 2014ರಲ್ಲಿ, ಕೊಲ್ಲಂನ ಅಷ್ಟಮುಡಿ ಕೆರೆಯ ಚಿಪ್ಪಿಗೆ. ಅಂದರೆ ನಮ್ಮ ಮರುವಾಯಿಯ ನೆಂಟನಿಗೆ, ಲಾಬ್‌ಸ್ಟರ್‌ಗಲ್ಲ. ಮಾರ್ಕೆಟ್ಟಿನ ಐಸ್ ಪೆಟ್ಟಿಗೆಯಲ್ಲಿ ಆ ಗುರುತು ಹುಡುಕುವುದು ಸುಮ್ನೆ ಸಮಯ ಹಾಳು.

ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಸಿಗುವ ಅಟ್ಲಾಂಟಿಕ್ ಲಾಬ್‌ಸ್ಟರ್ ನಮ್ಮದರ ಹಾಗಲ್ಲ, ಅದಕ್ಕೆ ಏಡಿಯ ಥರ ಎರಡು ದೊಡ್ಡ ಕೊಂಬು ಇರುತ್ತವೆ. ಅಮೆರಿಕದ ಮೇನ್ ರಾಜ್ಯದವರ ಕೆಲವು ಪದ್ಧತಿ ನನಗೆ ತುಂಬ ಇಷ್ಟ. ಬೋನಿನಲ್ಲಿ ಹಿಡಿಯುತ್ತಾರೆ. ತಲೆಚಿಪ್ಪು ಅಳತೆಗಿಂತ ಸಣ್ಣದಿದ್ದರೆ ವಾಪಸ್, ತೀರಾ ದೊಡ್ಡದಿದ್ದರೂ ವಾಪಸ್, ಯಾಕೆಂದರೆ ಅವೇ ಒಳ್ಳೆಯ ತಳಿಯ ತಾಯಂದಿರು. ಮೊಟ್ಟೆ ಹೊತ್ತದ್ದು ಸಿಕ್ಕಿದರೆ ಬಾಲದ ರೆಕ್ಕೆಯಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಸಣ್ಣ ಕಚ್ಚು ಹಾಕಿ ಬಿಡುತ್ತಾರೆ. ಮುಂದೆ ಮೊಟ್ಟೆ ಇಲ್ಲದ ದಿನ ಅದೇ ಲಾಬ್‌ಸ್ಟರ್ ಇನ್ನೊಬ್ಬನಿಗೆ ಸಿಕ್ಕಿದರೂ ಕಚ್ಚು ನೋಡಿ ಅವನೂ ಬಿಡಲೇಬೇಕು. ಇಷ್ಟೆಲ್ಲ ಇದ್ದೂ 2022ರ ಸೆಪ್ಟೆಂಬರಿನಲ್ಲಿ ಸೀಫುಡ್ ವಾಚ್ ಅನ್ನುವ ಸಂಸ್ಥೆ ಅದನ್ನು 'ಕೊಳ್ಳಬೇಡಿ' ಅನ್ನುವ ಕೆಂಪು ಪಟ್ಟಿಗೆ ಸೇರಿಸಿತು, ಅದೇ ಡಿಸೆಂಬರಿನಲ್ಲಿ ಎಂಎಸ್‌ಸಿ ಗುರುತೂ ಅಮಾನತಾಯಿತು. ಲಾಬ್‌ಸ್ಟರ್ ಕಡಿಮೆಯಾಗಿದೆ ಅಂತಲ್ಲ. ಬೋನಿನಿಂದ ಮೇಲೆ ತೇಲುಬುರುಡೆಯವರೆಗೆ ಕಟ್ಟಿದ ಹಗ್ಗಕ್ಕೆ ರೈಟ್ ವೇಲ್ ಅನ್ನುವ ತಿಮಿಂಗಿಲ ಸಿಕ್ಕಿಹಾಕಿಕೊಳ್ಳುತ್ತದೆ ಅಂತ. ಉತ್ತರ ಅಟ್ಲಾಂಟಿಕ್‌ನಲ್ಲಿ ಅವು ಉಳಿದಿರುವುದು ನಾನೂರಕ್ಕಿಂತ ಕಡಿಮೆ. ಮೇನ್‌ನ ಮೀನುಗಾರರು ಇದರಿಂದ ಸಿಟ್ಟಿಗೆದ್ದರು, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗುರುತು ಅನ್ನುವುದು ಇವತ್ತು ಇದ್ದು ನಾಳೆ ಇಲ್ಲದಿರಬಹುದು. ಪೊಟ್ಟಣದ ಮೇಲೆ ಇದ್ದರೆ ಒಳ್ಳೆಯದು, ಗುರುತು ಯಾವ ಊರಿನ ಮೀನುಗಾರಿಕೆಗೆ ಸಿಕ್ಕಿದ್ದು ಅಂತಲೂ ಓದಿ. ನನ್ನ ತಕರಾರು ಇಷ್ಟೇ: ಕಡಲು ಪಕ್ಕದಲ್ಲಿಟ್ಟುಕೊಂಡು ಸಾವಿರಾರು ಮೈಲಿಯಿಂದ ಫ್ರೀಜರಿನಲ್ಲಿ ಬಂದದ್ದನ್ನು ತಿಂದರೆ ನಮ್ಮ ಧಕ್ಕೆಯ ತಕ್ಕಡಿಯಲ್ಲಿ ಏನೂ ಬದಲಾಗುವುದಿಲ್ಲ.

ಬದಲಾಗುವುದು ನೀವು ಅಂಗಡಿಯ ಮುಂದೆ ನಿಂತು ಲಾಬ್‌ಸ್ಟರ್ ತಿರುಗಿಸಿದಾಗ. ಅದನ್ನು ಮಾಡುವ ರೀತಿ ಹೇಳುತ್ತೇನೆ.

ಹೆಗಲ ಹತ್ತಿರ, ಅಂದರೆ ತಲೆಚಿಪ್ಪಿನ ಹಿಂಭಾಗವನ್ನು ಮೇಲಿನಿಂದ ಹಿಡಿಯಿರಿ. ಮೀಸೆ ಹಿಡಿದು ಎತ್ತಬೇಡಿ, ಮುರಿಯುತ್ತದೆ. ಹೊಟ್ಟೆ ಮೇಲೆ ಮಾಡಿ. ಬಾಲದ ಅಡಿಯಲ್ಲಿ ಮೊಟ್ಟೆ ಇದ್ದರೆ ಅಲ್ಲಿಗೇ ಮುಗಿಯಿತು, ವಾಪಸ್ ಇಡಿ. ಮೊಟ್ಟೆ ಇಲ್ಲ ಅಂತ ಖುಷಿಪಡುವ ಮೊದಲು ಇನ್ನೊಂದು ನೋಡಿ. ಕೊನೆಯ ಜೋಡಿ ಕಾಲಿನ ತುದಿಯಲ್ಲಿ ಪುಟ್ಟ ಚಿಮಟದ ಹಾಗೆ ಇದೆಯಾ? ಇದ್ದರೆ ಮೀಸೆಯ ಜಾತಿಯಲ್ಲಿ ಅದು ಹೆಣ್ಣು, ಬಲಿತ ಹೆಣ್ಣು ಆ ಚಿಮಟದಿಂದಲೇ ಮೊಟ್ಟೆ ಕೆದರಿ ನೋಡಿಕೊಳ್ಳುತ್ತದೆ. ಅದರ ಎದೆಯ ಮೇಲೆ, ಕಾಲುಗಳ ನಡುವೆ ಡಾಂಬರು ಮೆತ್ತಿದ ಹಾಗೆ ಕಪ್ಪು ಕಲೆ ಇದ್ದರೆ ಗಂಡಿನ ಜೊತೆ ಕೂಡಿದೆ ಅಂತ, ಇನ್ನೇನು ಮೊಟ್ಟೆ ಹೊರಲಿದೆ ಅಥವಾ ಆಗಲೇ ಹೊತ್ತಿತ್ತು. ಮೊಟ್ಟೆಯನ್ನು ಬ್ರಷ್ಷಿನಿಂದ ಕೆರೆದು ಮಾರುವವರೂ ಇದ್ದಾರೆ. ಬಾಲದಡಿಯ ಎಲೆಯಂಥ ಕಿರುಗಾಲುಗಳ ಅಂಚಿನ ಕೂದಲು ಹರಿದು ಚಿಂದಿಯಾಗಿದ್ದರೆ, ಅಲ್ಲಲ್ಲಿ ಒಂದೆರಡು ಕಿತ್ತಳೆ ಕಾಳು ಉಳಿದಿದ್ದರೆ, ಕೆರೆದಿದ್ದಾರೆ ಅಂತ ತಿಳಿಯಿರಿ. ಬಾಲ ಮಾತ್ರ ಕತ್ತರಿಸಿ ಪ್ಯಾಕ್ ಮಾಡಿದ್ದರಲ್ಲಿ ಇದ್ಯಾವುದೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ನಾನು ಇಡಿಯಾಗಿರುವುದನ್ನೇ ಕೊಳ್ಳುವುದು.

ಆಮೇಲೆ ತಕ್ಕಡಿ. ಒಟ್ಟು ತೂಕ ಬೇಡ, ಒಂದೊಂದನ್ನೇ ತೂಗಿಸಿ. 'ಎಕ್ಸ್‌ಪೋರ್ಟ್ ಸೈಜ್ ಇದ್ದರೆ ಮಾತ್ರ ಕೊಡಿ' ಅಂದರೆ ವ್ಯಾಪಾರಿಗೆ ಮಾತು ತಕ್ಷಣ ಅರ್ಥವಾಗುತ್ತದೆ. ಜಾತಿ ಗುರುತಿಸಲು ಬರದಿದ್ದರೆ ಮೀಸೆ ಇರುವುದಕ್ಕೆ 300 ಗ್ರಾಂ ಅಂತ ಇಟ್ಟುಕೊಳ್ಳಿ, ಕಾಲಿಗೆ ಎದ್ದು ಕಾಣುವ ಪಟ್ಟೆ ಇದ್ದರೆ 500. ಇದರಲ್ಲಿ ಒಂದು ಅಪಾಯವಿದೆ, ಹೇಳಿಬಿಡುತ್ತೇನೆ. ದೊಡ್ಡದೇ ಬೇಕು ಅಂತ ಹೊರಟರೆ ಸಿಗುವ ಒಂದೂವರೆ ಕೆಜಿಯ ಹೆಣ್ಣು ಸಣ್ಣ ಹೆಣ್ಣಿಗಿಂತ ಎಷ್ಟೋ ಪಟ್ಟು ಮೊಟ್ಟೆ ಇಡುತ್ತಿತ್ತು. ಆದ್ದರಿಂದ ನನ್ನ ಆಯ್ಕೆ ನಡುಗಾತ್ರದ ಗಂಡು. ಬೆಲೆ ಜಾಸ್ತಿ ಆಗುತ್ತದೆ, ಆರರ ಬದಲು ಮೂರು ಬರುತ್ತದೆ. ಚಿಪ್ಪು ಒತ್ತಿದರೆ ಮೆತ್ತಗಿದ್ದರೆ ಬಿಡಿ, ಈಗಷ್ಟೇ ಪೊರೆ ಕಳಚಿದ್ದು, ಒಳಗೆ ಮಾಂಸಕ್ಕಿಂತ ನೀರು ಜಾಸ್ತಿ.

ಹೇಗೆ ಹಿಡಿದದ್ದು ಅಂತಲೂ ಕೇಳಿ. ಬೋನಿನದು ಎಲ್ಲಕ್ಕಿಂತ ಒಳ್ಳೆಯದು, ಬೇಡವಾದದ್ದನ್ನು ಜೀವಂತ ಬಿಡಬಹುದು. ಕನ್ಯಾಕುಮಾರಿ ಕಡೆ ಬೋನು ಬಳಕೆಯಲ್ಲಿದೆ. ನಮ್ಮ ಕಡೆ ಬರುವುದು ಬಹುತೇಕ ಟ್ರಾಲ್ ಬಲೆಗೆ ಸಿಗಡಿಯ ಜೊತೆ ಸಿಕ್ಕಿದ್ದು, ಇಲ್ಲವೇ ನಾಡದೋಣಿಯವರು ತಳಕ್ಕೆ ಬಿಟ್ಟ ಗಿಲ್‌ನೆಟ್ಟಿಗೆ ಸಿಕ್ಕಿದ್ದು. ಎರಡರಲ್ಲಿ ನಾನು ನಾಡದೋಣಿಯದನ್ನು ಆರಿಸುತ್ತೇನೆ. ಬೆಂಗಳೂರಿನ ಅಂಗಡಿಯವರಿಗೆ ಇದೆಲ್ಲ ಗೊತ್ತಿರುವುದು ಅಪರೂಪ. 'ಎಲ್ಲಾ ಮಂಗಳೂರು ಮಾಲೇ ಮೇಡಂ' ಅನ್ನುತ್ತಾರೆ, ನಗಬೇಡಿ. ಮುಂದಿನ ಸಲ ಊರಿಗೆ ಹೋದಾಗ ಗಂಗೊಳ್ಳಿಗೋ ಮಲ್ಪೆಗೋ ಬೆಳಿಗ್ಗೆ ಬೇಗ ಹೋಗಿ ನೋಡಿ.

ಧಕ್ಕೆಯಲ್ಲಿ ಮೊಟ್ಟೆ ಇದ್ದದ್ದನ್ನು ಯಾಕೆ ಬಿಡಲಿಲ್ಲ ಅಂತ ನಾನು ಒಮ್ಮೆ ಕೇಳಿದ್ದೆ. 'ನಾನು ಬಿಟ್ಟರೆ ಪಕ್ಕದ ಬೋಟಿನವನು ಹಿಡಿಯುತ್ತಾನೆ ಸಾರ್. ಕೊಳ್ಳುವವರು ಬೇಡ ಅನ್ನಲಿ, ಇಬ್ಬರೂ ಬಿಡುತ್ತೇವೆ' ಅಂದರು ಆ ಹಿರಿಯರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿಟ್ಟುಬಿಡುವುದೂ ಒಂದು ದಾರಿ, ಮಗಳಿಗೆ ಹಾಗನ್ನಿಸಿದರೆ ಒತ್ತಾಯ ಬೇಡ. ಹಬ್ಬದೂಟಕ್ಕೆ ಚಿಪ್ಪಿರುವುದೇ ಬೇಕು ಅಂದರೆ ಮರುವಾಯಿ ಪುಂಡಿ ಮಾಡಿ, ಪಚ್ಚಿಲೆ ಸುಕ್ಕ ಮಾಡಿ. ಅವು ಬೇಗ ಬೆಳೆಯುತ್ತವೆ, ಮರುವಾಯಿಯನ್ನು ಕೈಯಲ್ಲೇ ಆರಿಸಿ ತೆಗೆಯುವವರು ಇನ್ನೂ ಇದ್ದಾರೆ. ಅತಿಯಾಗಿ ಬಾಚಿದರೆ ಅವೂ ಖಾಲಿಯಾಗುತ್ತವೆ, ಅದು ಬೇರೆ ಮಾತು. ಏಡಿ ತಂದರೆ ಅದನ್ನೂ ತಿರುಗಿಸಿ ನೋಡಿ, ಹೊಟ್ಟೆಯ ಮಡಿಕೆಯಲ್ಲಿ ಅದೇ ಥರ ಮೊಟ್ಟೆ ಇರುತ್ತದೆ.

ಕಳೆದ ತಿಂಗಳು ತಂದ ಆ ಎರಡರ ಬಗ್ಗೆ ಕೊರಗಬೇಡಿ. ನಿಮ್ಮ ಕೈಗೆ ಬರುವ ಹೊತ್ತಿಗೆ ಮೊಟ್ಟೆ ಸತ್ತಾಗಿತ್ತು, ಬಿಸಾಡಿದ್ದರೆ ಯಾರಿಗೂ ಉಪಯೋಗ ಆಗುತ್ತಿರಲಿಲ್ಲ. ಮುಂದೆ ಜೀವಂತ ಸಿಕ್ಕಿದರೆ ಬಿಟ್ಟು ಬರೋಣ ಅಂತ ಮಗಳು ಹಲಸೂರು ಕೆರೆಗೆ ಹೊರಡದ ಹಾಗೆ ನೋಡಿಕೊಳ್ಳಿ, ಸಿಹಿನೀರಿಗೆ ಬಿದ್ದರೆ ಅದು ಸಾಯುತ್ತದೆ. ಅವಳನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ತಿರುಗಿಸಿ ನೋಡುವ ಕೆಲಸ ಅವಳದ್ದೇ ಆಗಲಿ, ಬೇಡ ಅಂತ ವಾಪಸ್ ಇಡುವಾಗ ಯಾಕೆ ಬೇಡ ಅಂತ ಅಂಗಡಿಯವರಿಗೆ ಅವಳೇ ಹೇಳಲಿ.